ಬೆಳ್ಳಗಾಗಿ ಬಂದ ಹನ್ನೊಂದು ಫೋಟೊಗಳು

ಆ ಬುಧವಾರ ನಾನು ಸ್ಕೂಲ್ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಮೂರು ಗಂಟೆ ಆಗಿತ್ತು. ಇಲ್ಲಿ ಗಲ್ಫಿನಲ್ಲಿ, ಈಸಾ ಟೌನಿನ ಒಂದು ಇಂಡಿಯನ್ ಸ್ಕೂಲಿನ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವುದು ನನ್ನ ಕೆಲಸ. ಬೆಳಿಗ್ಗೆ ನಾಲ್ಕೂವರೆಗೆ ಏಳುವವಳಿಗೆ ಮಧ್ಯಾಹ್ನ ಮೂರು ಅಂದರೆ ದಿನ ಮುಗಿದ ಹಾಗೆ. ಹತ್ತಿರದ ಸನದ್‌ನಲ್ಲಿ, ಕೋಲ್ಡ್ ಸ್ಟೋರ್ ಎನ್ನುವ ಒಂದು ಕಿರಾಣಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಮೆಟ್ಟಿಲು ಹತ್ತುವಾಗಲೇ ಮೀನು ಹುರಿಯುವ ವಾಸನೆ ಬಂತು. ನನ್ನ ಗಂಡ ಕೆಲಸ ಮಾಡುತ್ತಿದ್ದ ಸ್ಟುಡಿಯೊ ಪಕ್ಕದ ರಸ್ತೆಯಲ್ಲೇ ಇದೆ. ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾರೆ. ಆ ಹೊತ್ತಿನಲ್ಲಿ ಅವರು ಮನೆಗೆ ಬಂದು ಅನ್ನಕ್ಕಿಟ್ಟು, ಮೀನು ಹುರಿದು, ನನಗೂ ಮಗಳಿಗೂ ಕಾಯುತ್ತಿದ್ದರು.

ಅವತ್ತು ಅಂಜಲ್ ಮೀನು. "ತುಂಡು ಸಪೂರ ಆಗಿದೆ, ಬೈಬೇಡ," ಎಂದರು.

ನಾನು ಬೈಯಲಿಲ್ಲ. ಕಾಲು ನೋಯುತ್ತಿತ್ತು. ಚಪ್ಪಲಿ ಬಿಟ್ಟು ಹಾಗೇ ನೆಲದ ಮೇಲೆ ಕೂತೆ. ಆ ದಿನದ ಎಲ್ಲವೂ ನೆನಪಿದೆ ಎಂದು ಹೇಳಲಾರೆ. ಅದು ನೆನಪಿಟ್ಟುಕೊಳ್ಳಬೇಕಾದ ದಿನ ಎಂದು ಯಾರೂ ಹೇಳಿರಲಿಲ್ಲ.

ಊಟ ಆದ ಮೇಲೆ ಅವರು ಒಂದು ದೊಡ್ಡ ಕವರನ್ನು ಮಗಳ ಕೈಗೆ ಕೊಟ್ಟರು. ಮಗಳು ಹನ್ನೊಂದನೇ ಕ್ಲಾಸು. ಭಾನುವಾರ ಸ್ಕೂಲಿನಲ್ಲಿ ಪ್ರದರ್ಶನ ಇತ್ತು. ಹಿಸ್ಟರಿ ಟೀಚರ್ ಒಬ್ಬೊಬ್ಬರಿಗೆ ಒಂದೊಂದು ವಿಷಯ ಕೊಟ್ಟಿದ್ದರು. ಇವಳಿಗೆ ಬಂದದ್ದು ಅಮೆರಿಕದಲ್ಲಿ ಕಪ್ಪು ಜನರು ತಮ್ಮ ಹಕ್ಕಿಗಾಗಿ ನಡೆಸಿದ ಚಳವಳಿ. ಅದರಲ್ಲೂ ಅದನ್ನು ಫೋಟೊ ತೆಗೆದವರ ಬಗ್ಗೆ. ಅವಳು ಎರಡು ವಾರ ಹುಡುಕಿ ಹನ್ನೊಂದು ಫೋಟೊ ಆರಿಸಿ, ಪೆನ್‌ಡ್ರೈವ್‌ನಲ್ಲಿ ಹಾಕಿ ಅಪ್ಪನಿಗೆ ಕೊಟ್ಟಿದ್ದಳು. ಅಪ್ಪ ದೊಡ್ಡದು ಮಾಡಿ ಪ್ರಿಂಟ್ ತೆಗೆದು ತಂದಿದ್ದರು.

ಅವಳು ಅವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಳು. ನಾನು ಅಂಥ ಫೋಟೊಗಳನ್ನು ಮೊದಲು ನೋಡಿರಲಿಲ್ಲ. ಹೋಟೆಲಿನ ಕೌಂಟರಿನಲ್ಲಿ ಸುಮ್ಮನೆ ಕೂತ ಹುಡುಗ ಹುಡುಗಿಯರ ತಲೆಯ ಮೇಲೆ ಹಿಂದೆ ನಿಂತವರು ಏನೋ ಸುರಿಯುತ್ತಿದ್ದಾರೆ. ಬೆಂಕಿ ಆರಿಸುವ ಪೈಪಿನ ನೀರಿಗೆ ಸಿಕ್ಕಿ ಗೋಡೆಗೆ ಅಂಟಿಹೋದ ಮಕ್ಕಳು. ಪುಸ್ತಕ ಎದೆಗೊತ್ತಿಕೊಂಡು ಸ್ಕೂಲಿಗೆ ನಡೆಯುವ ಒಬ್ಬ ಹುಡುಗಿ, ಅವಳ ಬೆನ್ನ ಹಿಂದೆ ಬಾಯಿ ತೆರೆದು ಕಿರುಚುವ ಹೆಂಗಸರು. ಬಸ್ಸಿನಲ್ಲಿ ತಮ್ಮನ್ನು ಹಿಂದೆ ಕೂರಿಸುತ್ತಾರೆ ಎಂದು ಬಸ್ಸನ್ನೇ ಬಿಟ್ಟು ಕೆಲಸಕ್ಕೆ ನಡೆದುಹೋಗುವ ಹೆಂಗಸರು. ಒದ್ದೆ ರಸ್ತೆಯಲ್ಲಿ ಉದ್ದಕ್ಕೂ ನಡೆದು ಬರುವ ಜನ. ಎಲ್ಲ ಕಪ್ಪು-ಬಿಳುಪು.

ಮಗಳು ಒಂದನ್ನು ಎತ್ತಿ ಕಿಟಕಿಯ ಹತ್ತಿರ ಕೊಂಡುಹೋದಳು. ತನ್ನ ಫೋನಿನಲ್ಲಿ ಅದೇ ಚಿತ್ರ ತೆರೆದು ಪಕ್ಕದಲ್ಲಿ ಹಿಡಿದಳು.

"ಪಪ್ಪಾ, ನೀವು ಇವರಿಗೆ ಎಂಥ ಮಾಡಿದ್ರಿ?"

"ಎಂಥ ಮಾಡ್ಲಿಕ್ಕುಂಟು? ಪ್ರಿಂಟ್ ಮಾಡಿದ್ದು."

"ಇವರೆಲ್ಲ ಬೆಳ್ಳಗಾಗಿದ್ದಾರೆ."

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಬಗ್ಗಿ ಒಂದೊಂದಾಗಿ ನೋಡಿದರು. ನಾನೂ ನೋಡಿದೆ. ಫೋನಿನಲ್ಲಿ ಆ ಜನರ ಮುಖ ಕಪ್ಪಾಗಿ, ಬೆವರಿ, ಹಣೆಯ ಗೆರೆಗಳ ಸಮೇತ ಇತ್ತು. ಪ್ರಿಂಟಿನಲ್ಲಿ ಅದೇ ಮುಖಗಳು ಪೌಡರ್ ಹಾಕಿದ ಹಾಗೆ. ಬೆವರಿಲ್ಲ, ಗೆರೆ ಇಲ್ಲ. ಒದ್ದೆ ರಸ್ತೆ ಕೂಡ ಒಣಗಿ ಬಿಳಿಯಾಗಿತ್ತು.

"ಅಯ್ಯೋ ದೇವರೇ," ಎಂದರು ಅವರು. "ಎಫ್-ಟು ಒತ್ತಿದೆ ಅಂತ ಕಾಣ್ತದೆ."

ಅದು ಏನೆಂದು ಹೇಳಬೇಕು. ಸ್ಟುಡಿಯೊಕ್ಕೆ ಬರುವವರಲ್ಲಿ ಹೆಚ್ಚಿನವರು ಪಾಸ್‌ಪೋರ್ಟ್, ವೀಸಾ, ಸ್ಕೂಲಿನ ಐಡಿ ಕಾರ್ಡಿನ ಫೋಟೊಕ್ಕೆ ಬರುವವರು. ಮಲಯಾಳಿ, ಬಂಗಾಳಿ, ಫಿಲಿಪಿನೊ, ನಮ್ಮ ಊರಿನವರು. ಯಾವ ದೇಶದವರಾದರೂ ಕುರ್ಚಿಯಿಂದ ಏಳುವಾಗ ಒಂದೇ ಮಾತು, ಸ್ವಲ್ಪ ಬೆಳ್ಳಗೆ ಮಾಡಿ. ದಿನಕ್ಕೆ ನಲವತ್ತು ಸಲ ಒಂದೇ ಕೆಲಸ ಮಾಡುವುದು ಬೇಡವೆಂದು ನನ್ನ ಗಂಡ ಕಂಪ್ಯೂಟರಿನಲ್ಲಿ ಒಂದೇ ಕೀಗೆ ಎಲ್ಲವನ್ನೂ ಜೋಡಿಸಿಟ್ಟಿದ್ದರು. ಎಫ್-ಟು ಒತ್ತಿದರೆ ಮುಖ ಬೆಳ್ಳಗಾಗುತ್ತದೆ, ಚರ್ಮ ನುಣ್ಣಗಾಗುತ್ತದೆ. ಫೋಟೊ ತೆರೆದ ಕೂಡಲೇ ಎಡಗೈಯ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು. "ಕಣ್ಣು ಮುಚ್ಚಿದ ಫೋಟೊಕ್ಕೆ ಗಿರಾಕಿ ಬೈಯೋದಿಲ್ಲ, ಕಪ್ಪಾದ ಫೋಟೊಕ್ಕೆ ಬೈತಾರೆ," ಎಂದು ಅವರು ಹೇಳುವುದಿತ್ತು.

ಆದರೆ ಮಗಳಿಗೆ ಅವತ್ತು ನಿಜವಾಗಿ ಸಿಟ್ಟು ಬಂದಿತ್ತು.

"ಇವರು ಪಾಸ್‌ಪೋರ್ಟಿಗೆ ನಿಂತದ್ದಲ್ಲ ಪಪ್ಪಾ. ಇವರು ಎಂಥಕ್ಕೆ ನಡೆದದ್ದು ಅಂತ ಗೊತ್ತುಂಟಾ ನಿಮಗೆ? ಇವರ ಬಣ್ಣವನ್ನೇ ತೆಗೆದ್ರಿ ನೀವು. ಪೊಲೀಸರಿಗೂ ಆಗ್ಲಿಲ್ಲ ಅದು."

ಅವರು ನಗಲು ನೋಡಿದರು. ನಗು ಅರ್ಧದಲ್ಲಿ ನಿಂತಿತು. "ಬೇಕಂತ ಮಾಡಿದ್ದಲ್ಲ ಮಗಾ. ಕೈಯ ಅಭ್ಯಾಸ."

"ಅದೇ ಹೇಳಿದ್ದು ನಾನು."

"ಸಾಕು ಬಿಡು," ಎಂದೆ ನಾನು. "ಅಪ್ಪನಿಗೆ ಹಾಗೆಲ್ಲ ಹೇಳ್ತಾರಾ?"

"ಹೇಳ್ಲಿ," ಎಂದರು ಅವರು. "ಅವಳು ಹೇಳಿದ್ದು ಸರಿ ಉಂಟು. ನಾಳೆ ಬೆಳಿಗ್ಗೆ ಹೋಗಿ ಹನ್ನೊಂದನ್ನೂ ಪುನಃ ತೆಗೀತೇನೆ. ಮುಟ್ಟದೆ."

ಆಮೇಲೆ ಅವರು ನಾಲ್ಕು ಗಂಟೆಗೆ ಸ್ಟುಡಿಯೊ ತೆರೆಯುವುದನ್ನೂ ಮರೆತು ಮಗಳ ಫೋನಿನಲ್ಲಿ ಆ ಚಿತ್ರಗಳನ್ನು ನೋಡುತ್ತಾ ಕೂತರು. ಮೂವತ್ತು ವರ್ಷ ಫೋಟೊ ತೆಗೆದವರಿಗೆ ಮಾತ್ರ ಕಾಣುವಂಥದ್ದು ಅವರಿಗೆ ಕಾಣುತ್ತಿತ್ತು. ನೀರಿನ ಚಿತ್ರ ತೋರಿಸಿ, "ತೆಗೆದವನೂ ನೀರಿನಲ್ಲಿ ಚಂಡಿ ಆಗಿದ್ದಾನೆ, ಇಷ್ಟು ಹತ್ತಿರ ಇದ್ರೆ ಆಗಲೇಬೇಕು," ಎಂದರು. ನಡೆದು ಬರುವ ಜನರ ಚಿತ್ರ ತೋರಿಸಿ, "ಇದನ್ನು ನಿಂತು ತೆಗೆಯಲಿಕ್ಕೆ ಆಗುವುದಿಲ್ಲ. ಅವರು ಮುಂದೆ ಬರ್ತಾರೆ, ಇವನು ಹಿಂದೆ ಹಿಂದೆ ಹೋಗಬೇಕು," ಎಂದರು. ಹೇಗೆಂದು ತೋರಿಸಲು ಎದ್ದು, ಕಣ್ಣಿಗೆ ಕೈ ಹಿಡಿದು, ನಮ್ಮ ಹಾಲ್‌ನಲ್ಲಿ ಹಿಂದಕ್ಕೆ ನಡೆದರು. ಫ್ರಿಜ್ಜಿಗೆ ತಾಗಿದರು. ಮೇಲಿದ್ದ ಮೊಟ್ಟೆಯ ಖಾಲಿ ಟ್ರೇ ಬಿತ್ತು. ಸಿಟ್ಟಿನಲ್ಲಿದ್ದ ಮಗಳು ಆಗ ನಕ್ಕಳು.

"ಇನ್ನು ಅಮೆರಿಕಕ್ಕೆ ಹೋಗಿ ಬೀಳಿ," ಎಂದೆ ನಾನು.

ಅದೇ ಕೊನೆಯ ಮಧ್ಯಾಹ್ನ.

ಗುರುವಾರ ಬೆಳಿಗ್ಗೆ ನಾನು ಬಸ್ಸಿಗೆ ಹೋಗುವಾಗ ಅವರು ಮಲಗಿದ್ದರು. ಹನ್ನೊಂದು ಗಂಟೆಗೆ ಸ್ಟುಡಿಯೊದಿಂದ ಫೋನ್ ಬಂತು. ಅವರ ಜೊತೆ ಒಂಬತ್ತು ವರ್ಷದಿಂದ ಕೆಲಸ ಮಾಡುವ ಮಲಯಾಳಿ, ನಾವೆಲ್ಲ ಚೇಟ, ಅಂದರೆ ಅಣ್ಣ, ಎನ್ನುವವರು, ಹಿಂದಿಯಲ್ಲಿ ಏನೋ ಹೇಳುತ್ತಿದ್ದರು. ಅವರ ಮಾತಿನ ನಡುವೆ ಪ್ರಿಂಟರಿನ ಸದ್ದು ಕೇಳುತ್ತಿತ್ತು. ನನ್ನ ಗಂಡ ಪ್ರಿಂಟ್ ತೆಗೆಯುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ನಾನು ಆಸ್ಪತ್ರೆಗೆ ತಲುಪುವಾಗ ಎಲ್ಲ ಮುಗಿದಿತ್ತು. ಅವರಿಗೆ ಐವತ್ತೊಂದು ವರ್ಷ.

ಆಮೇಲಿನ ದಿನಗಳು ಕಾಗದಪತ್ರದ ದಿನಗಳು. ಎಲ್ಲಿ ಸಹಿ ಹಾಕು ಎಂದರೋ ಅಲ್ಲಿ ಹಾಕಿದೆ. ಊರಿನ ಸಂಘದವರು ಓಡಾಡಿದರು. ಐದನೇ ದಿನ ನಾವು ಮೂವರೂ ಒಂದೇ ವಿಮಾನದಲ್ಲಿ ಊರಿಗೆ ಹೋದೆವು, ಅವರು ಪೆಟ್ಟಿಗೆಯಲ್ಲಿ.

ಹೊರಡುವ ಮೊದಲು ಚೇಟ ಒಂದು ದೊಡ್ಡ ಫೋಟೊ ಕಟ್ಟಿಸಿ ತಂದುಕೊಟ್ಟಿದ್ದರು. ಕ್ರಿಯೆಯ ದಿನ ಹೂವಿನ ಹಾರ ಹಾಕಿ ಮುಂದಿಡಲು ಬೇಕಾಗುತ್ತದಲ್ಲ, ಅದಕ್ಕೆ. ಪಾಸ್‌ಪೋರ್ಟಿಗೆಂದು ತೆಗೆದು ಆಗಲೇ ಬೆಳ್ಳಗೆ ಮಾಡಿಟ್ಟಿದ್ದ ಫೋಟೊವನ್ನು ಅವರು ದೊಡ್ಡದು ಮಾಡಿದ್ದರು. ಪ್ರೀತಿಯಿಂದ, ಅಳುತ್ತಾ, ಇನ್ನೊಂದು ಸಲ ಎಫ್-ಟು ಒತ್ತಿದ್ದರು. ಅಲ್ಲಿಗೆ ಎರಡು ಸಲ ಆಯಿತು.

ಊರಿನಲ್ಲಿ ಭಾವನ ಮನೆಯಲ್ಲಿ ಬಾಳೆ ಎಲೆಯ ಮುಂದೆ ಆ ಫೋಟೊ ಇಟ್ಟರು. ಬಂದವರು ಕೈ ಮುಗಿದು, "ಫೋಟೊ ಚೆಂದ ಉಂಟು," ಎಂದರು. ನನ್ನ ಅತ್ತೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು.

"ಹುಟ್ಟುವಾಗ ಇದ್ದಿಲಿನ ಹಾಗೆ ಇದ್ದ," ಎಂದರು. "ಸೂಲಗಿತ್ತಿ ನನ್ನ ಕೈಗೆ ಕೊಡ್ಲಿಕ್ಕೇ ನಾಚಿದ್ಲು. ಈಗ ನೋಡು, ಎಷ್ಟು ಬೆಳ್ಳಗೆ. ಆ ದೇಶದ ನೀರು ಒಗ್ಗಿದೆ ಅವನಿಗೆ."

ಮಗಳು ನನ್ನ ಕಿವಿಯಲ್ಲಿ, "ಇದು ಪಪ್ಪ ಅಲ್ಲ," ಎಂದಳು. ನಾನು ಅವಳ ಕೈ ಒತ್ತಿ ಸುಮ್ಮನಿರಿಸಿದೆ. ಆದರೆ ನನಗೂ ಹಾಗೇ ಅನಿಸುತ್ತಿತ್ತು. ಫೋಟೊದಲ್ಲಿದ್ದದ್ದು ಅವರ ಕಣ್ಣು, ಅವರ ಮೀಸೆ, ಅವರ ಶರಟು. ಮುಖ ಮಾತ್ರ ಯಾರದೋ.

ಹೀಗಾಗಲು ನಾವೇ ಕಾರಣ ಎಂದೂ ಅನಿಸುತ್ತಿತ್ತು. ನಮ್ಮ ಮದುವೆ ಆದದ್ದೇ ಅಂಥ ಫೋಟೊದಿಂದ. ಆಗ ಅವರು ಊರಿನ ಒಂದು ಸ್ಟುಡಿಯೊದಲ್ಲಿ ಕೆಲಸ ಕಲಿತು ಗಲ್ಫಿಗೆ ಹೊರಡುವವರಿದ್ದರು. ಅಲ್ಲಿ ಡಾರ್ಕ್‌ರೂಮ್ ಇತ್ತು. ತಂತಿಯ ತುದಿಗೆ ರಟ್ಟಿನ ಚೂರು ಅಂಟಿಸಿ, ಕಾಗದದ ಮೇಲೆ ಬೆಳಕು ಬೀಳುವಾಗ ಮುಖದ ಜಾಗಕ್ಕೆ ಅದನ್ನು ಅಡ್ಡ ಆಡಿಸುತ್ತಿದ್ದರೆ ಮುಖ ಬೆಳ್ಳಗೆ ಬರುತ್ತದಂತೆ. ಮದುವೆಗಿದ್ದ ಹುಡುಗಿಯರ ಫೋಟೊಗಳಿಗೆಲ್ಲ ಅವರು ಹಾಗೆ ಮಾಡುತ್ತಿದ್ದರು. ತಮ್ಮ ಫೋಟೊಕ್ಕೂ ಮಾಡಿಕೊಂಡು ನಮ್ಮ ಮನೆಗೆ ಕಳಿಸಿದ್ದರು. ಹುಡುಗಿ ನೋಡಲು ಅವರು ಬಂದ ದಿನ ನನ್ನ ಅಮ್ಮ ಒಳಗೆ ಬಂದು, "ಫೋಟೊದಲ್ಲಿ ಹೀಗೆ ಇರ್ಲಿಲ್ಲ ಮಾರಾಯ್ತಿ, ಫೋಟೊದ ತಮ್ಮನನ್ನು ಮನೆಯಲ್ಲಿ ಬಿಟ್ಟು ಅಣ್ಣನನ್ನು ಕಳಿಸಿದ್ದಾರಾ ಅಂತ," ಎಂದಿದ್ದರು. ನಾನು ಚಹಾ ಕೊಡುವಾಗ ನೋಡಿದೆ. ಮುಖ ಕಪ್ಪು, ಹಣೆ ಇನ್ನೂ ಕಪ್ಪು, ನಕ್ಕರೆ ಕೆನ್ನೆಯ ಮೇಲೆ ಮಾತ್ರ ಬೆಳಕು ಬೀಳುತ್ತಿತ್ತು. ಆಗಬಹುದು ಎಂದೆ.

ಆಮೇಲೆ ಅವರು ಎಷ್ಟೋ ಸಲ ಕೇಳಿದ್ದಿದೆ. "ನೀನು ಫೋಟೊ ನೋಡಿ ಒಪ್ಪಿದ್ದಾ, ನನ್ನನ್ನು ನೋಡಿ ಒಪ್ಪಿದ್ದಾ?" ನಾನು, "ಫೋಟೊ ನೋಡಿ," ಎಂದು ಚುಡಾಯಿಸುತ್ತಿದ್ದೆ. ಒಂದು ಸಲವೂ ಸರಿಯಾದ ಉತ್ತರ ಕೊಡಲಿಲ್ಲ.

ಹಾರ ಹಾಕಿದ ಫೋಟೊವನ್ನು ಅತ್ತೆ ತಮ್ಮಲ್ಲೇ ಇರಲಿ ಎಂದರು. ನಾನು ಬೇಡ ಎನ್ನಲಿಲ್ಲ. ನನ್ನ ವೀಸಾ ಬಸ್ ಕಂಪನಿಯದು, ಮಗಳ ಕ್ಲಾಸು ಅರ್ಧದಲ್ಲಿತ್ತು. ನಾವಿಬ್ಬರು ವಾಪಸ್ ಬಂದೆವು. ಬಂದ ದಿನವೇ ನಾನು ಹಾಲ್‌ನ ಗೋಡೆಗೆ ಒಂದು ಮೊಳೆ ಹೊಡೆದೆ. ಮಗಳು ನೋಡಿದಳು.

"ಅಮ್ಮಾ, ಪಪ್ಪನ ಸರಿಯಾದ ಫೋಟೊ ಸಿಕ್ಕಿದ್ರೆ ಮಾತ್ರ. ಇಲ್ಲದಿದ್ರೆ ಬೇಡ."

"ಸರಿಯಾದದ್ದು ಅಂದ್ರೆ?"

"ಮುಟ್ಟದ್ದು."

ಸಿಗದಿರಲು ಏನು, ಹದಿನೆಂಟು ವರ್ಷದ ಸಂಸಾರ, ಅದೂ ಫೋಟೊಗ್ರಾಫರನ ಮನೆ, ಎಂದುಕೊಂಡೆ. ಆಲ್ಬಮ್‌ಗಳನ್ನೆಲ್ಲ ಕೆಳಗಿಳಿಸಿದೆವು. ಮಗಳ ನಾಮಕರಣ, ಹುಟ್ಟುಹಬ್ಬಗಳು, ಸಂಘದ ಗಣೇಶನ ಹಬ್ಬ, ಸಮುದ್ರದ ದಂಡೆ. ಎಲ್ಲದರಲ್ಲೂ ನಾನಿದ್ದೇನೆ, ಮಗಳಿದ್ದಾಳೆ. ತೆಗೆದವರು ಕ್ಯಾಮೆರಾದ ಹಿಂದೆ. ಅವರಿದ್ದ ನಾಲ್ಕಾರು ಫೋಟೊಗಳೂ ಎಫ್-ಟು ಆಗಿಯೇ ಆಲ್ಬಮ್ಮಿಗೆ ಬಂದವು. ಮದುವೆಯ ಆಲ್ಬಮ್ಮಿನಲ್ಲಿ ಅವರು ನನಗಿಂತ ಬೆಳ್ಳಗಿದ್ದಾರೆ. ಮಗಳ ಫೋನು ಯಾರನ್ನೂ ಕೇಳದೆ ಮುಖ ನುಣ್ಣಗೆ ಮಾಡುವಂಥದ್ದು. ನನ್ನ ಹಳೆಯ ಫೋನು ನೀರಿಗೆ ಬಿದ್ದು ಹೋಗಿತ್ತು, ಅವರ ಫೋನಿನಲ್ಲಿ ಇದ್ದದ್ದೆಲ್ಲ ನಮ್ಮಿಬ್ಬರ ಫೋಟೊಗಳೇ. ಸಿಪಿಆರ್ ಎನ್ನುವ ಇಲ್ಲಿನ ಗುರುತಿನ ಕಾರ್ಡಿನಲ್ಲಿದ್ದ ಉಗುರಿನಷ್ಟು ಫೋಟೊ, ಸಾವಿನ ಕಾಗದಪತ್ರದ ಹೊತ್ತಿಗೇ ಕಾರ್ಡಿನ ಜೊತೆಗೆ ಸರ್ಕಾರಿ ಆಫೀಸಿಗೆ ಹೋಗಿತ್ತು. ಒಂದು ಹುಟ್ಟುಹಬ್ಬದ ವಿಡಿಯೊ ಸಿಕ್ಕಿತು. ಅದರಲ್ಲಿ ಅವರ ಸ್ವರ ಮಾತ್ರ ಇದೆ. "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ, ಆಂ, ಈಗ ಊದು."

ಒಂದು ಶುಕ್ರವಾರ ನಾವು ಸ್ಟುಡಿಯೊಕ್ಕೆ ಹೋದೆವು. ಚೇಟ ಕುರ್ಚಿ ಎಳೆದು ಕೊಟ್ಟು, ಡ್ರಾಯರಿನಿಂದ ಒಂದು ಕವರು ತೆಗೆದರು. ಆ ಗುರುವಾರ ಬೆಳಿಗ್ಗೆ ನನ್ನ ಗಂಡ ಪುನಃ ತೆಗೆದ ಪ್ರಿಂಟ್‌ಗಳು. ಎಂಟು ಇದ್ದವು. ಒಂಬತ್ತನೆಯದು ಯಂತ್ರದಿಂದ ಅರ್ಧ ಹೊರಗೆ ಬಂದಿದ್ದಾಗ ಎಲ್ಲರೂ ಅವರನ್ನು ಎತ್ತಿಕೊಂಡು ಓಡಿದ್ದರಂತೆ. ಎಂಟರಲ್ಲೂ ಮುಖಗಳು ಕಪ್ಪಾಗಿ, ಇದ್ದ ಹಾಗೇ ಇದ್ದವು. ನೀರಿಗೆ ಸಿಕ್ಕ ಹುಡುಗನ ಕೊರಳಿನ ನರ ಕಾಣುತ್ತಿತ್ತು. ನಡೆದು ಬರುವವರ ಬೂಟುಗಳ ಕೆಳಗೆ ರಸ್ತೆ ಒದ್ದೆಯಾಗಿತ್ತು. ತಿರುಗಿಸಿ ನೋಡಿದರೆ ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ, ಅವರ ಓರೆ ಅಕ್ಷರದಲ್ಲಿ, "ಮುಟ್ಟಿಲ್ಲ" ಎಂದು ಬರೆದಿತ್ತು. ಮಗಳಿಗೆ ಕನ್ನಡ ಓದಲು ತಡವಾಗುತ್ತದೆ. ಅಕ್ಷರ ಕೂಡಿಸಿ ಓದಿದಳು. ಎಂಟನ್ನೂ ಹಾಗೇ ಓದಿದಳು, ಒಂದೊಂದರಲ್ಲೂ ಬೇರೆ ಏನೋ ಇರಬಹುದು ಎನ್ನುವ ಹಾಗೆ.

ಉಳಿದ ಮೂರನ್ನು ತೆಗೆದುಕೊಡುತ್ತೇನೆ ಎಂದು ಚೇಟ ಕಂಪ್ಯೂಟರಿನ ಮುಂದೆ ಕೂತರು.

"ಅಂಕಲ್, ನಿಮ್ಮ ಎಡಗೈ ಕಿಸೆಯಲ್ಲಿ ಇಡಿ," ಎಂದಳು ಮಗಳು.

ಅವರು ನಿಜಕ್ಕೂ ಎಡಗೈಯನ್ನು ಪ್ಯಾಂಟಿನ ಕಿಸೆಯಲ್ಲಿಟ್ಟು, ಒಂದೇ ಕೈಯಲ್ಲಿ ಕೆಲಸ ಮಾಡಿದರು. "ನಿನ್ನ ಅಪ್ಪನಿಗೂ ಅವತ್ತು ಹೀಗೇ ಕಷ್ಟ ಆಗಿತ್ತು," ಎಂದರು. "ಪ್ರತಿ ಫೋಟೊಕ್ಕೂ ತನ್ನ ಕೈಗೆ ತಾನೇ ಹೊಡ್ಕೊಳ್ತಾ ಇದ್ದ."

ಆಮೇಲೆ ನಾನು ಬಂದ ಕೆಲಸ ಹೇಳಿದೆ. ಅವರ ಒಂದು ಫೋಟೊ ಬೇಕು, ಬೆಳ್ಳಗೆ ಮಾಡುವ ಮೊದಲಿನದ್ದು. ಚೇಟ ಬಹಳ ಹೊತ್ತು ಹುಡುಕಿದರು. ಪಾಸ್‌ಪೋರ್ಟಿನದ್ದು, ಲೈಸೆನ್ಸಿನದ್ದು, ಸಂಘದ ಕಾರ್ಡಿನದ್ದು. ಎಲ್ಲದರ ಮೇಲೂ ಎಫ್-ಟು ಒತ್ತಿ, ಅದರ ಮೇಲೇ ಸೇವ್ ಮಾಡಿದ್ದರು. ಮೂಲ ಉಳಿದಿರಲಿಲ್ಲ. "ಜಾಗ ಹಾಳು ಅಂತ ಅವನೇ ಅಳಿಸ್ತಿದ್ದ, ಚೇಚಿ. ನಾನೂ ಹಾಗೇ ಮಾಡ್ತೇನೆ," ಎಂದರು. ಅವರ ಮುಖ ನೋಡಲು ಕಷ್ಟವಾಯಿತು. ಕ್ರಿಯೆಯ ಫೋಟೊದ ವಿಷಯ ನಾನು ಎತ್ತಲಿಲ್ಲ. ಆದರೂ ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. "ಅವನಿಗೆ ಚೆಂದ ಆಗ್ಲಿ ಅಂತ ಮಾಡಿದ್ದು," ಎಂದರು.

"ಗೊತ್ತುಂಟು," ಎಂದೆ.

ಕೊನೆಗೆ ಒಂದು ಸಿಕ್ಕಿತು. ಹೊಸ ಲೈಟ್ ತಂದ ದಿನ ಪರೀಕ್ಷೆಗೆ ತೆಗೆದದ್ದು. ಲೈಟಿನ ಬಣ್ಣ ಸರಿ ಇದೆಯೋ ನೋಡಲು ಅವರಲ್ಲಿ ಒಂದು ಬೂದು ಬಣ್ಣದ ರಟ್ಟು ಇರುತ್ತದೆ. ಅದನ್ನು ಮುಖದ ಜಾಗದಲ್ಲಿ ಹಿಡಿದು ಒಂದು ಫೋಟೊ ತೆಗೆಯುತ್ತಾರೆ. ಆಗ ಯಂತ್ರಕ್ಕೆ ಬಣ್ಣದ ಲೆಕ್ಕ ಸಿಗುತ್ತದೆ. ಆ ದಿನ ಸ್ಟೂಲಿನ ಮೇಲೆ ಕೂತವರು ನನ್ನ ಗಂಡ, ಕ್ಯಾಮೆರಾ ಒತ್ತಿದವರು ಚೇಟ. ಅದನ್ನು ಯಾರೂ ಮುಟ್ಟಿರಲಿಲ್ಲ, ಮುಟ್ಟುವ ಅಗತ್ಯವೇ ಇರಲಿಲ್ಲ. ಚಿತ್ರದಲ್ಲಿ ಅವರ ನೀಲಿ ಚೌಕುಳಿ ಶರಟು ಇದೆ. ಎರಡು ಕೈಗಳಿವೆ. ಮುಖದ ಜಾಗದಲ್ಲಿ ಬೂದು ರಟ್ಟು.

ನಾನು ಕೈಗಳನ್ನು ನೋಡಿದೆ. ಬೆರಳಿನ ಗಂಟುಗಳು ಕಪ್ಪು, ಉಗುರಿನ ಬುಡ ಇನ್ನೂ ಕಪ್ಪು, ಬಲಗೈಯ ಮೇಲೆ ಮೀನು ಹುರಿಯುವಾಗ ಎಣ್ಣೆ ಹಾರಿದ ಕಲೆ. ಅದೇ ಬಣ್ಣ. ಮಗಳು ಪರದೆಯ ಹತ್ತಿರ ಹೋಗಿ, ರಟ್ಟಿನ ಅಂಚಿನಲ್ಲಿ ಏನಾದರೂ ಕಾಣುತ್ತದೆಯೋ ಎಂದು ದೊಡ್ಡದು ಮಾಡಿ ಮಾಡಿ ನೋಡಿದಳು. ಒಂದು ಕಿವಿಯ ತುದಿ ಕಂಡಿತು. ಅದರ ಪ್ರಿಂಟ್ ತೆಗೆಸಿಕೊಂಡೆವು. ಹಿಂದೆ ಮಗಳು ಪೆನ್ಸಿಲಿನಲ್ಲಿ ನಿಧಾನವಾಗಿ "ಮುಟ್ಟಿಲ್ಲ" ಎಂದು ಬರೆದಳು.

ಪ್ರದರ್ಶನ ನಾವು ಊರಿನಲ್ಲಿದ್ದಾಗಲೇ ಮುಗಿದಿತ್ತು. ಟೀಚರ್ ಲೈಬ್ರರಿಯ ಹೊರಗಿನ ಗೋಡೆಯನ್ನು ಇವಳಿಗೆಂದು ಒಂದು ವಾರ ಬಿಟ್ಟುಕೊಟ್ಟರು. ಬೆಳಿಗ್ಗೆ ಮಕ್ಕಳನ್ನು ಇಳಿಸಿ ನಾನು ನೋಡಲು ಹೋದೆ. ಹನ್ನೊಂದು ಫೋಟೊ ಸಾಲಾಗಿದ್ದವು. ಒದ್ದೆ ರಸ್ತೆಯಲ್ಲಿ ನಡೆದು ಬರುವವರ ಚಿತ್ರ ಮಾತ್ರ ಎರಡು ಸಲ ಇತ್ತು, ಇದ್ದ ಹಾಗಿನದ್ದೊಂದು, ಬುಧವಾರದ ಬೆಳ್ಳಗಿನದ್ದೊಂದು. ಕೆಳಗೆ ಮಗಳು ಇಂಗ್ಲಿಷಿನಲ್ಲಿ ಬರೆದಿದ್ದನ್ನು ಟೀಚರ್ ನನಗೆ ಓದಿ ಹೇಳಿದರು. ಎರಡನೆಯದು ನಮ್ಮ ಮನೆಯಲ್ಲಿ ಆದ ತಪ್ಪು, ನಮ್ಮ ಕಡೆ ಎಲ್ಲರೂ ಕೇಳಿ ಮಾಡಿಸಿಕೊಳ್ಳುವ ತಪ್ಪು, ತಿಳಿದ ಮರುದಿನ ನನ್ನ ಅಪ್ಪ ಅದನ್ನು ತಿದ್ದುತ್ತಿದ್ದರು, ಎಂದು. ಅಪ್ಪ ಈಗ ಇಲ್ಲ ಎಂದು ಅದರಲ್ಲಿ ಬರೆದಿರಲಿಲ್ಲ.

ಯಾವುದೋ ಮಗುವಿನ ತಾಯಿ ನನ್ನ ಪಕ್ಕ ನಿಂತು ಎರಡನ್ನೂ ನೋಡಿದರು. ಬೆಳ್ಳಗಿನದ್ದನ್ನು ತೋರಿಸಿ, "ಇದೇ ಕ್ಲಿಯರ್ ಉಂಟಲ್ವಾ ಆಂಟಿ?" ಎಂದರು. ನಾನು ಬಸ್ಸಿನ ಕಡೆಗೆ ಹೊರಟೆ. ಎರಡನೇ ಟ್ರಿಪ್ಪಿಗೆ ಹೊತ್ತಾಗಿತ್ತು.

ನಾನು ಕೆಲವೊಮ್ಮೆ ಆ ಫೋಟೊ ತೆಗೆದವರ ಬಗ್ಗೆ ಯೋಚಿಸುತ್ತೇನೆ. ಬೈಗುಳ, ಪೊಲೀಸರ ನಾಯಿ, ನೀರಿನ ನಡುವೆ ಹಿಂದಕ್ಕೆ ನಡೆಯುತ್ತಾ ಅವರು ಅಷ್ಟು ಜನರ ಮುಖವನ್ನು ಇದ್ದ ಹಾಗೆ ಉಳಿಸಿದರು. ಆ ಜನರ ಮಕ್ಕಳು, ಮೊಮ್ಮಕ್ಕಳು ಈಗಲೂ ಹೋಗಿ ನೋಡಿ, ನಮ್ಮ ಅಜ್ಜಿ ಹೀಗಿದ್ದರು ಎನ್ನಬಹುದು. ನಮ್ಮ ಮನೆಯಲ್ಲಿ ಮೂರು ಕ್ಯಾಮೆರಾ ಇದ್ದವು. ನಾನು ಒಂದು ಸಲವೂ, ಇಲ್ಲಿ ಕೊಡಿ, ನಿಮ್ಮದೊಂದು ನಾನು ತೆಗೀತೇನೆ, ಎನ್ನಲಿಲ್ಲ. ಮೀನು ಹುರಿಯುತ್ತಾ ಬೆವರಿ ನಿಂತಿರುತ್ತಿದ್ದರಲ್ಲ, ಆಗ ತೆಗೆಯಬಹುದಿತ್ತು.

ಅವರು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ, ನಿಮ್ಮನ್ನು ನೋಡಿಯೇ ಒಪ್ಪಿದ್ದು.

ಬೂದು ರಟ್ಟಿನ ಫೋಟೊವನ್ನು ಮಗಳು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಹಾಲ್‌ನ ಗೋಡೆಯಲ್ಲಿ ಮೊಳೆ ಹಾಗೇ ಇದೆ. ಅವರ ಮುಖ, ಅದು ಇದ್ದ ಬಣ್ಣದಲ್ಲಿ, ನಮ್ಮ ಹತ್ತಿರ ಇಲ್ಲ.